ಅಲ್ಟ್ರಾಸೌಂಡ್ ಬಿಟ್ಟು ಮಾತ್ರೆಯ ಹರಳು ಬದಲಿಸುತ್ತಾರಂತೆ, ಹೌದಾ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಅದರ ಸಾರಾಂಶ ಇಷ್ಟು: "ಔಷಧ ಕಂಪನಿಗಳು ಈಗ ಅಲ್ಟ್ರಾಸೌಂಡ್ ಯಂತ್ರ ಬಳಸಿ ಮಾತ್ರೆಯ ಒಳಗಿನ ಹರಳನ್ನೇ ಬದಲಿಸುತ್ತಿವೆ. ಹೆಸರು ಅದೇ, ಸಾಲ್ಟ್ ಅದೇ, ಆದರೆ ಹರಳು ಬೇರೆ. ಅದಕ್ಕೇ ಅಗ್ಗದ ಜನರಿಕ್ ಮಾತ್ರೆ ಮೈಗೆ ಹತ್ತುವುದಿಲ್ಲ. ಇವತ್ತೇ ನಿಲ್ಲಿಸಿ. ಎಲ್ಲರಿಗೂ ಕಳಿಸಿ."

ಮರುದಿನ ಮಲೆನಾಡಿನಲ್ಲಿರುವ ದೊಡ್ಡಮ್ಮ ಫೋನ್ ಮಾಡಿದರು. ಅವರು ಎಷ್ಟೋ ವರ್ಷಗಳಿಂದ ಫಿಟ್ಸ್‌ಗೆ ಕಾರ್ಬಮಜೆಪೈನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎರಡು ವರ್ಷದಿಂದ ಬಾರದಿದ್ದ ಫಿಟ್ಸ್ ಆ ತಿಂಗಳು ಒಮ್ಮೆ ಬಂದಿತ್ತು. "ಪುಟ್ಟಾ, ಇದರಲ್ಲಿ ಬರೆದಿರೋದು ನಿಜ ಇರಬೇಕು ಕಣೋ. ಮಾತ್ರೆ ನಾಟ್ತಾ ಇಲ್ಲ. ನಾಳೆಯಿಂದ ಬಿಟ್ಟುಬಿಡ್ತೀನಿ" ಅಂದರು.

ಫಿಟ್ಸ್ ಮಾತ್ರೆಯನ್ನು ಹೀಗೆ ದಿಢೀರನೆ ಬಿಡುವುದು ಅಪಾಯ. ಬಿಟ್ಟ ಕೆಲವೇ ದಿನಗಳಲ್ಲಿ ಫಿಟ್ಸ್ ಮೇಲಿಂದ ಮೇಲೆ ಬರಬಹುದು, ಆಸ್ಪತ್ರೆಗೆ ಸೇರುವ ಪರಿಸ್ಥಿತಿಯೂ ಬರಬಹುದು. ಹಾಗಾಗಿ ಮೊದಲು "ಬಿಡಬೇಡಿ, ಡಾಕ್ಟರಿಗೆ ಹೇಳಿ" ಎಂದೆ. ಆಮೇಲೆ ಆ ಸಂದೇಶವನ್ನು ಸಾಲು ಸಾಲಾಗಿ ಪರಿಶೀಲಿಸಲು ಕುಳಿತೆ. ಅದು ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಅದರಲ್ಲಿ ಅರ್ಧ ನಿಜ ಇತ್ತು.

ಚಿಕ್ಕದಾಗಿ ಉತ್ತರ

ಒಂದೇ ಔಷಧ ಬೇರೆ ಬೇರೆ ಹರಳಿನ ರೂಪದಲ್ಲಿ ಇರಬಹುದು: ನಿಜ.

ಹರಳು ಬದಲಾದರೆ ಔಷಧ ಮೈಯಲ್ಲಿ ಕರಗುವ ಬಗೆ ಬದಲಾಗಬಹುದು: ನಿಜ.

ಯಾವ ಹರಳು ಹುಟ್ಟಬೇಕು ಎಂಬುದನ್ನು ಹಿಡಿತಕ್ಕೆ ತರಲು ಅಲ್ಟ್ರಾಸೌಂಡ್ ಬಳಸುವ ವಿಧಾನ ಇದೆ: ನಿಜ.

ಅದು ಜನರನ್ನು ವಂಚಿಸುವ ತಂತ್ರ, ಅದರಿಂದಲೇ ಜನರಿಕ್ ಮಾತ್ರೆ ಕೆಲಸ ಮಾಡುವುದಿಲ್ಲ: ಸುಳ್ಳು.

ಈಗ ಒಂದೊಂದಾಗಿ ನೋಡೋಣ.

ಹರಳು ಅಂದರೆ ಏನು?

ಸಕ್ಕರೆ, ಉಪ್ಪು, ಕಲ್ಲುಸಕ್ಕರೆ ಎಲ್ಲವೂ ಹರಳುಗಳೇ. ಹರಳಿನೊಳಗೆ ಅಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ, ಒಂದು ಕ್ರಮದಲ್ಲಿ ನಿಂತಿರುತ್ತವೆ. ಅದೇ ಮಕ್ಕಳನ್ನು ನೇರ ಸಾಲಿನಲ್ಲಿ ನಿಲ್ಲಿಸಬಹುದು, ವೃತ್ತದಲ್ಲಿ ನಿಲ್ಲಿಸಬಹುದು, ಹತ್ತಿರ ಹತ್ತಿರ ಅಥವಾ ದೂರ ದೂರ ನಿಲ್ಲಿಸಬಹುದು. ಮಕ್ಕಳು ಅವರೇ, ನಿಂತ ರೀತಿ ಮಾತ್ರ ಬೇರೆ. ಒಂದೇ ಅಣು ಹೀಗೆ ಬೇರೆ ಬೇರೆ ಜೋಡಣೆಯಲ್ಲಿ ಹರಳಾಗುವುದನ್ನು ವಿಜ್ಞಾನಿಗಳು ಬಹುರೂಪತೆ ಎನ್ನುತ್ತಾರೆ.

ಇದರ ರುಚಿಯನ್ನು ನೀವು ಈಗಾಗಲೇ ನೋಡಿದ್ದೀರಿ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆಗೆ ಆರು ಹರಳಿನ ರೂಪಗಳಿವೆ. ಹೊಳಪಿನಿಂದ ಕೂಡಿದ, ಮುರಿದರೆ ಟಕ್ ಎನ್ನುವ, ಬಾಯಲ್ಲಿ ಹಿತವಾಗಿ ಕರಗುವ ಚಾಕೊಲೇಟಿನಲ್ಲಿ ಇರುವುದು ಐದನೆಯ ರೂಪ. ಬಿಸಿಲಿಗೆ ಕರಗಿ, ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬಿಳಿ ಬೂದಿಯಂಥ ಪದರ ಬಂದಿರುವುದನ್ನು ಕಂಡಿರುತ್ತೀರಿ. ಅದು ಬೂಸ್ಟು ಹಿಡಿದದ್ದಲ್ಲ. ಹೆಚ್ಚಿನ ಸಲ ಅದು ಕೊಬ್ಬು ಬೇರೆ ರೀತಿಯಲ್ಲಿ ಹರಳುಗಟ್ಟಿ ಮೇಲೆ ಬಂದದ್ದು. ಪದಾರ್ಥ ಅದೇ, ಆದರೆ ತಿನ್ನುವಾಗ ಮೊದಲಿನ ಹಾಗಿರುವುದಿಲ್ಲ.

ಮಾತ್ರೆಗೆ ಹರಳು ಏಕೆ ಮುಖ್ಯ?

ನುಂಗಿದ ಮಾತ್ರೆ ಕೆಲಸ ಮಾಡಬೇಕಾದರೆ ಅದು ಮೊದಲು ಹೊಟ್ಟೆ ಮತ್ತು ಕರುಳಿನ ನೀರಿನಲ್ಲಿ ಕರಗಬೇಕು. ಕರಗಿದ ಮೇಲೆ ರಕ್ತಕ್ಕೆ ಸೇರಬೇಕು. ಅಣುಗಳು ಬಿಗಿಯಾಗಿ ಕೈ ಹಿಡಿದು ನಿಂತ ಹರಳು ಬೇಗ ಕರಗುವುದಿಲ್ಲ. ಸಡಿಲವಾಗಿ ನಿಂತ ಹರಳು ಬೇಗ ಕರಗುತ್ತದೆ. ಒಮ್ಮೆ ಕರಗಿದ ಮೇಲೆ ಎರಡೂ ಒಂದೇ, ಏಕೆಂದರೆ ಆಗ ಹರಳೇ ಇರುವುದಿಲ್ಲ, ಬಿಡಿ ಅಣುಗಳು ಮಾತ್ರ ಇರುತ್ತವೆ. ಅಂದರೆ ಹರಳಿನ ರೂಪ ಔಷಧದ ಗುಣವನ್ನು ಬದಲಿಸುವುದಿಲ್ಲ. ಆ ಔಷಧ ರಕ್ತಕ್ಕೆ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂಬುದನ್ನು ಬದಲಿಸಬಹುದು. ಸುಲಭವಾಗಿ ನೀರಿನಲ್ಲಿ ಕರಗುವ ಔಷಧಗಳಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕಷ್ಟದಿಂದ ಕರಗುವ ಔಷಧಗಳಲ್ಲಿ ಮಾತ್ರ ದೊಡ್ಡದಾಗುತ್ತದೆ.

ಇದಕ್ಕೆ ಹಳೆಯ ಉದಾಹರಣೆಯೊಂದಿದೆ. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ತುಂಬಾ ಕಹಿ. ಮಕ್ಕಳು ಕುಡಿಯಲಿ ಎಂದು ಅದನ್ನು ಪಾಲ್ಮಿಟೇಟ್ ಎಂಬ ಕಹಿಯಿಲ್ಲದ ರೂಪಕ್ಕೆ ತಂದು, ಕುಡಿಯುವ ಔಷಧ ಮಾಡುತ್ತಿದ್ದರು. 1967ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಎರಡು ಹರಳುಗಳನ್ನು ಹೋಲಿಸಿತು. ಬಿ ರೂಪದ ಹರಳು ಹೆಚ್ಚಿದ್ದಾಗ ರಕ್ತದಲ್ಲಿ ಔಷಧ ಚೆನ್ನಾಗಿ ಸಿಕ್ಕಿತು. ಎ ರೂಪ ಹೆಚ್ಚಿದ್ದಾಗ ತೀರಾ ಕಡಿಮೆ ಸಿಕ್ಕಿತು. ಒಂದೇ ಔಷಧ, ಒಂದೇ ಪ್ರಮಾಣ, ಆದರೆ ಮಗುವಿನ ಮೈಗೆ ಸೇರುವ ಲೆಕ್ಕ ಬೇರೆ.

ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ಗೂ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಮಾರುಕಟ್ಟೆಯಲ್ಲಿ ಇರುವುದು ಮೊದಲನೆಯ ರೂಪ. ಅದು ಸ್ಥಿರ, ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೆ ಅದರ ಪುಡಿಯನ್ನು ಒತ್ತಿದರೆ ಮಾತ್ರೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಅಂಟಿಸುವ ಬೇರೆ ಪದಾರ್ಥ ಸೇರಿಸಬೇಕು. ಎರಡನೆಯ ರೂಪದಲ್ಲಿ ಅಣುಗಳು ಇಸ್ಪೀಟಿನ ಎಲೆಗಳಂತೆ ಪದರ ಪದರವಾಗಿರುತ್ತವೆ. ಒತ್ತಿದಾಗ ಪದರಗಳು ಜಾರಿ ಚೆನ್ನಾಗಿ ಕೂಡಿಕೊಳ್ಳುತ್ತವೆ. ತೊಂದರೆ ಏನೆಂದರೆ ಈ ಎರಡನೆಯ ರೂಪವನ್ನು ಹುಟ್ಟಿಸುವುದು ಕಷ್ಟ, ಹುಟ್ಟಿದರೂ ಅದು ಮೊದಲನೆಯ ರೂಪಕ್ಕೆ ಜಾರಿಬಿಡಬಹುದು.

ಒಂದು ಹರಳು ಔಷಧವನ್ನೇ ಅಂಗಡಿಯಿಂದ ಹೊರಹಾಕಿದ ಕತೆ

ಹರಳಿನ ವಿಷಯವನ್ನು ಔಷಧ ಜಗತ್ತು ಗಂಭೀರವಾಗಿ ತೆಗೆದುಕೊಳ್ಳುವಂತೆ ಮಾಡಿದ್ದು ರಿಟೋನವಿರ್. ಇದು ಎಚ್‌ಐವಿ ಸೋಂಕಿಗೆ ಕೊಡುವ ಔಷಧ. ಅಮೆರಿಕದ ಅಬಾಟ್ ಕಂಪನಿ ಇದನ್ನು 1996ರಲ್ಲಿ ನಾರ್ವಿರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕ್ಯಾಪ್ಸೂಲಿನ 240 ಬ್ಯಾಚ್‌ಗಳು ಯಾವ ತಕರಾರೂ ಇಲ್ಲದೆ ತಯಾರಾದವು. ಆ ಹೊತ್ತಿಗೆ ಗೊತ್ತಿದ್ದದ್ದು ಒಂದೇ ಒಂದು ಹರಳಿನ ರೂಪ.

1998ರಲ್ಲಿ ಕೆಲವು ಬ್ಯಾಚ್‌ಗಳು ಕರಗುವ ಪರೀಕ್ಷೆಯಲ್ಲಿ ಫೇಲಾದವು. ಒಳಗೆ ನೋಡಿದರೆ ಹಿಂದೆ ಯಾರೂ ಕಾಣದ ಇನ್ನೊಂದು ಹರಳು ಹುಟ್ಟಿಕೊಂಡಿತ್ತು. ಅದು ಹೆಚ್ಚು ಬಿಗಿ, ಹೆಚ್ಚು ಸ್ಥಿರ, ಆದ್ದರಿಂದ ಕರಗುವುದು ಬಹಳ ಕಡಿಮೆ. ಇಂಥ ಹರಳಿನ ಒಂದು ಕಣವೂ ಹಾಲಿಗೆ ಬಿದ್ದ ಹೆಪ್ಪಿನಂತೆ ಕೆಲಸ ಮಾಡುತ್ತದೆ: ತನ್ನ ಸುತ್ತಲಿನ ಅಣುಗಳನ್ನೆಲ್ಲ ತನ್ನದೇ ಸಾಲಿಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಸಮಯದಲ್ಲೇ ಹಳೆಯ ರೂಪವನ್ನು ತಯಾರಿಸುವುದೇ ಕಷ್ಟವಾಯಿತು. ಹೊಸ ಹರಳಿನ ಸಂಪರ್ಕದಲ್ಲಿದ್ದ ತಂಡದವರು ಇಟಲಿಯ ಘಟಕಕ್ಕೆ ಹೋಗಿಬಂದ ಮೇಲೆ ಅಲ್ಲಿಯೂ ಅದು ಕಾಣಿಸಿಕೊಂಡಿತು.

ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ರೋಗಿಗಳು ರುಚಿ ಕೆಟ್ಟದಾಗಿದ್ದ ದ್ರವರೂಪದ ಔಷಧಕ್ಕೆ ಹೊಂದಿಕೊಳ್ಳಬೇಕಾಯಿತು. 1999ರಲ್ಲಿ ಹೊಸ ಬಗೆಯ ಮೆದು ಕ್ಯಾಪ್ಸೂಲ್ ಬಂತು, ಅದನ್ನು ಫ್ರಿಜ್ಜಿನಲ್ಲಿ ಇಡಬೇಕಿತ್ತು. ಕೋವಿಡ್‌ಗೆ ಬಂದ ಪ್ಯಾಕ್ಸ್‌ಲೋವಿಡ್‌ನಲ್ಲಿ ಇರುವ ಎರಡು ಔಷಧಗಳಲ್ಲಿ ಒಂದು ಇದೇ ರಿಟೋನವಿರ್. ಎರಡನೆಯ ರೂಪ ಸಿಕ್ಕಿ ಸುಮಾರು 24 ವರ್ಷಗಳ ಬಳಿಕ ವಿಜ್ಞಾನಿಗಳಿಗೆ ಅದರ ಮೂರನೆಯ ರೂಪವೂ ಸಿಕ್ಕಿದೆ.

ಈ ಕತೆಯಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಇಲ್ಲಿ ತೊಂದರೆ ಆದದ್ದು ಜನರಿಕ್ ಮಾತ್ರೆಗಲ್ಲ, ಔಷಧವನ್ನು ಕಂಡುಹಿಡಿದ ಕಂಪನಿಯ ದುಬಾರಿ ಬ್ರಾಂಡಿಗೆ. ಎರಡು, ಹರಳನ್ನು ಯಾರೂ ಬೇಕೆಂದು ಬದಲಿಸಲಿಲ್ಲ. ಅದು ತಾನಾಗಿ ಬದಲಾಯಿತು. ಹರಳನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ಪಾಠ. ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ದಾರಿಗಳನ್ನು ಹುಡುಕುವುದು ಇದಕ್ಕೇ. ಅಂಥ ದಾರಿಗಳಲ್ಲಿ ಒಂದು ಅಲ್ಟ್ರಾಸೌಂಡ್.

ಶಬ್ದ ಹರಳು ಹುಟ್ಟಿಸುವುದು ಹೇಗೆ?

ಅಡುಗೆಮನೆಯಿಂದಲೇ ಶುರು ಮಾಡೋಣ. ಜಾಮೂನಿಗೆ ಸಕ್ಕರೆ ಪಾಕ ಮಾಡುವಾಗ ಬಿಸಿ ನೀರಿನಲ್ಲಿ ತುಂಬಾ ಸಕ್ಕರೆ ಕರಗಿರುತ್ತದೆ. ತಣ್ಣಗಾದಾಗ ಅಷ್ಟೊಂದು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಇರುವುದಿಲ್ಲ. ಆದರೂ ಪಾಕ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಆಗ ಒಂದು ಸಕ್ಕರೆ ಕಾಳು ಬಿದ್ದರೆ, ಅಥವಾ ಸೌಟಿನಿಂದ ಜೋರಾಗಿ ಕಲಕಿದರೆ, ಹರಳುಗಟ್ಟಲು ಶುರುವಾಗುತ್ತದೆ. ಹಾಗಾಗಬಾರದು ಎಂದೇ ಅಮ್ಮಂದಿರು ಪಾಕಕ್ಕೆ ನಿಂಬೆರಸ ಹಿಂಡುತ್ತಾರೆ.

ಔಷಧ ತಯಾರಿಕೆಯಲ್ಲೂ ಇದೇ ನಡೆಯುತ್ತದೆ. ಔಷಧವನ್ನು ದ್ರಾವಣದಲ್ಲಿ ಕರಗಿಸಿ, ತಣಿಸಿ, ಹರಳಾಗಿ ಹೊರತೆಗೆಯುತ್ತಾರೆ. ಮೊದಲ ಹರಳಿನ ಕಣ ಯಾವಾಗ ಹುಟ್ಟುತ್ತದೆ, ಯಾವ ರೂಪದಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಆದರೆ ಆ ಮೊದಲ ಕಣ ಮನಸ್ಸು ಬಂದಾಗ ಹುಟ್ಟುತ್ತದೆ. ಒಂದು ಸಲ ಹತ್ತು ನಿಮಿಷ, ಇನ್ನೊಂದು ಸಲ ಎರಡು ಗಂಟೆ.

ಅಲ್ಟ್ರಾಸೌಂಡ್ ಕೆಲಸ ಮಾಡುವುದು ಇಲ್ಲಿ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳುತ್ತದೆ. ಅದಕ್ಕಿಂತ ಮೇಲಿನದ್ದು ಅಲ್ಟ್ರಾಸೌಂಡ್. ಇಂಥ ಬಲವಾದ ಶಬ್ದವನ್ನು ದ್ರಾವಣದೊಳಗೆ ಬಿಟ್ಟಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಎದ್ದು, ಹಿಗ್ಗಿ, ಮರುಕ್ಷಣವೇ ಕುಸಿದು ಒಡೆಯುತ್ತವೆ. ಗುಳ್ಳೆ ಕುಸಿಯುವ ಆ ಸೂಜಿಮೊನೆಯಷ್ಟು ಜಾಗದಲ್ಲಿ, ಸೆಕೆಂಡಿನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು, ಸಾವಿರಾರು ಡಿಗ್ರಿ ಬಿಸಿ ಮತ್ತು ನೂರಾರು ಪಟ್ಟು ಒತ್ತಡ ಹುಟ್ಟುತ್ತದೆ. ಸುತ್ತಲಿನ ದ್ರಾವಣ ಮಾತ್ರ ಹೆಚ್ಚು ಬಿಸಿಯಾಗುವುದಿಲ್ಲ. ಈ ಅಲುಗಾಟದಲ್ಲಿ ಅಣುಗಳು ಒಟ್ಟುಗೂಡಿ ಹರಳಿನ ಮೊದಲ ಕಣಗಳು ಒಮ್ಮೆಗೇ ಹುಟ್ಟುತ್ತವೆ. ಇದಕ್ಕೆ ಮುಖ್ಯ ಕಾರಣ ಒತ್ತಡವೋ, ತಟ್ಟನೆ ತಣಿಯುವುದೋ, ಗುಳ್ಳೆಯ ಮೈಯೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಪರಿಣಾಮದ ಬಗ್ಗೆ ಅನುಮಾನ ಇಲ್ಲ.

ಇದು ನಿನ್ನೆ ಮೊನ್ನೆಯ ಗುಟ್ಟಿನ ಯಂತ್ರವೂ ಅಲ್ಲ. ಬಲವಾದ ಅಲ್ಟ್ರಾಸೌಂಡ್ ದ್ರವಗಳಲ್ಲಿ ಏನೇನು ಬದಲಾವಣೆ ತರುತ್ತದೆ ಎಂದು ಅಮೆರಿಕದ ವಿಲಿಯಂ ರಿಚರ್ಡ್ಸ್ ಮತ್ತು ಆಲ್ಫ್ರೆಡ್ ಲೂಮಿಸ್ 1927ರಲ್ಲೇ ಬರೆದಿದ್ದರು. ಕನ್ನಡಕದ ಅಂಗಡಿಯಲ್ಲಿ, ಚಿನ್ನದ ಅಂಗಡಿಯಲ್ಲಿ ಒಂದು ಪುಟ್ಟ ನೀರಿನ ತೊಟ್ಟಿಯಲ್ಲಿ ನಿಮ್ಮ ಕನ್ನಡಕ ಅಥವಾ ಸರವನ್ನು ಮುಳುಗಿಸಿ, ಝುಂಯ್ ಎನ್ನಿಸಿ ಕೊಳೆ ತೆಗೆಯುತ್ತಾರಲ್ಲ, ಅಲ್ಲಿ ಕೊಳೆ ಬಿಡಿಸುವುದೂ ಇದೇ ಗುಳ್ಳೆಗಳು.

ಬೇಕಾದ ರೂಪವನ್ನೇ ಆರಿಸಬಹುದೇ?

ಕೆಲವು ಔಷಧಗಳಲ್ಲಿ, ಸರಿಯಾದ ಪರಿಸ್ಥಿತಿಯಲ್ಲಿ, ಹೌದು.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸಂಶೋಧಕರು ಪ್ಯಾರಾ ಅಮಿನೋ ಬೆಂಜೋಯಿಕ್ ಆಮ್ಲ ಎಂಬ ಪದಾರ್ಥದ ಮೇಲೆ ಪ್ರಯೋಗ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯವಾಗಿ ಅದು ಸೂಜಿಯಂಥ ಆಲ್ಫಾ ಹರಳಾಗಿ ಹುಟ್ಟುತ್ತದೆ. ಬೀಟಾ ಎಂಬ ಇನ್ನೊಂದು ರೂಪ ಅಪರೂಪ. ದ್ರಾವಣದ ಸಾಂದ್ರತೆ ಮತ್ತು ಉಷ್ಣತೆಯನ್ನು ನೋಡಿಕೊಂಡು ಅಲ್ಟ್ರಾಸೌಂಡ್ ಬಿಟ್ಟಾಗ ಶುದ್ಧ ಬೀಟಾ ರೂಪವನ್ನು ಮತ್ತೆ ಮತ್ತೆ ಪಡೆಯಲು ಅವರಿಗೆ ಸಾಧ್ಯವಾಯಿತು. 2015ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ತಂಡ ಇದೇ ದಾರಿಯಲ್ಲಿ ಪ್ಯಾರಾಸಿಟಮಾಲ್‌ನ ಆ ಕಷ್ಟದ ಎರಡನೆಯ ರೂಪವನ್ನು ಪಡೆದದ್ದನ್ನು ವರದಿ ಮಾಡಿತು.

ಆದರೆ ಇದು ಗುಂಡಿ ಒತ್ತಿದರೆ ಬೇಕಾದ ಹರಳು ಬೀಳುವ ಯಂತ್ರವಲ್ಲ. ಯಾವ ದ್ರವದಲ್ಲಿ ಕರಗಿಸಿದ್ದೀರಿ, ಎಷ್ಟು ಗಟ್ಟಿ ಮಾಡಿದ್ದೀರಿ, ಎಷ್ಟು ತಣಿಸಿದ್ದೀರಿ, ಎಷ್ಟು ಶಕ್ತಿಯ ಶಬ್ದ, ಎಷ್ಟು ಹೊತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದು ಔಷಧದಲ್ಲಿ ಫಲ ಕೊಟ್ಟ ವಿಧಾನ ಇನ್ನೊಂದರಲ್ಲಿ ಕೊಡದೆ ಇರಬಹುದು. ಅತಿಯಾಗಿ ಬಿಟ್ಟರೆ ದ್ರಾವಣ ಬಿಸಿಯಾಗುತ್ತದೆ, ಕೆಲವು ಅಣುಗಳು ಒಡೆಯಲೂಬಹುದು. ಹಾಗಾಗಿ ಕೊನೆಯಲ್ಲಿ ಬಂದ ಪುಡಿಯನ್ನು ಪರೀಕ್ಷಿಸಲೇಬೇಕು.

ರೂಪದ ಆಯ್ಕೆಗಿಂತ ಹೆಚ್ಚು ಉಪಯೋಗ ಇನ್ನೊಂದು ಕಡೆ ಇದೆ: ಸಣ್ಣ, ಒಂದೇ ಅಳತೆಯ ಹರಳುಗಳನ್ನು ಮಾಡುವುದು. ಆಸ್ತಮಾದವರು ಎಳೆದುಕೊಳ್ಳುವ ಇನ್‌ಹೇಲರಿನ ಪುಡಿ ಶ್ವಾಸಕೋಶದ ಒಳಗೆ ಇಳಿಯಬೇಕಾದರೆ ಅದರ ಕಣ ಸುಮಾರು 1ರಿಂದ 5 ಮೈಕ್ರೋಮೀಟರ್ ಇರಬೇಕು. ನಮ್ಮ ಕೂದಲಿನ ದಪ್ಪಕ್ಕೆ ಹೋಲಿಸಿದರೆ ಹತ್ತು ಪಾಲಿಗಿಂತ ತೆಳು. ಗಿರಣಿಯಲ್ಲಿ ಬೀಸಿದಂತೆ ಪುಡಿ ಮಾಡಿದರೆ ಹರಳಿನ ಮೈ ಜಜ್ಜಿಹೋಗಿ, ಆಮೇಲೆ ಅದು ಬದಲಾಗುವ ಸಾಧ್ಯತೆ ಹೆಚ್ಚು. ಅಲ್ಟ್ರಾಸೌಂಡಿನಿಂದ ಮೊದಲೇ ಸಣ್ಣದಾಗಿ ಹುಟ್ಟಿಸಿದರೆ ಆ ಪೆಟ್ಟು ಬೀಳುವುದಿಲ್ಲ. ಹೊರಗಿನಿಂದ ಹೆಪ್ಪಿನಂತೆ ಹರಳಿನ ಕಣ ಹಾಕುವ ಅಗತ್ಯವೂ ಕಡಿಮೆಯಾಗುವುದರಿಂದ, ಒಂದಿಷ್ಟೂ ಸೋಂಕು ತಗಲಬಾರದ ಔಷಧಗಳಿಗೆ ಇದು ಅನುಕೂಲ.

ಹಾಗಾದರೆ ಜನರಿಕ್ ಮಾತ್ರೆಯ ಕತೆ ಏನು?

ಸಂದೇಶದ ವಿಷ ಇರುವುದು ಈ ಸಾಲಿನಲ್ಲಿ. ಜನರಿಕ್ ಮಾತ್ರೆಯಲ್ಲಿ ಹರಳಿನ ರೂಪ ಬ್ರಾಂಡಿಗಿಂತ ಬೇರೆ ಇರಬಹುದೇ? ಇರಬಹುದು. ಅಮೆರಿಕದ ಎಫ್‌ಡಿಎ 2007ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರವೂ ಹರಳಿನ ರೂಪ ಬೇರೆಯಾದ ಮಾತ್ರಕ್ಕೆ ಅದು ಬೇರೆ ಔಷಧವಾಗುವುದಿಲ್ಲ. ಆದರೆ ಅದು ಬ್ರಾಂಡಿನಷ್ಟೇ ಸರಿಯಾಗಿ ರಕ್ತಕ್ಕೆ ಸೇರುತ್ತದೆ, ಮಾರಾಟದ ಅವಧಿಯುದ್ದಕ್ಕೂ ಕೆಡದೆ ಇರುತ್ತದೆ ಎಂದು ತೋರಿಸಬೇಕು.

ಅದನ್ನು ತೋರಿಸುವುದು ಹೇಗೆ? ಸ್ವಯಂಸೇವಕರಿಗೆ ಎರಡೂ ಮಾತ್ರೆಗಳನ್ನು ಬೇರೆ ಬೇರೆ ದಿನ ಕೊಟ್ಟು, ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಗಂಟೆಗಂಟೆಗೆ ಅಳೆಯುತ್ತಾರೆ. ಎರಡರ ಅನುಪಾತ, ಲೆಕ್ಕದ ಅನಿಶ್ಚಿತತೆಯೂ ಸೇರಿ, ಶೇ 80ರಿಂದ 125ರ ಗಡಿಯೊಳಗೆ ಇರಬೇಕು. ಭಾರತದಲ್ಲಿ ನೀರಿನಲ್ಲಿ ಕಷ್ಟದಿಂದ ಕರಗುವ ಔಷಧಗಳ ಜನರಿಕ್‌ಗಳಿಗೆ ಪರವಾನಗಿ ಪಡೆಯಲು ಈ ಪರೀಕ್ಷೆಯನ್ನು 2017ರಲ್ಲಿ ಕಡ್ಡಾಯ ಮಾಡಲಾಯಿತು. ಹರಳಿನಿಂದ ವ್ಯತ್ಯಾಸ ಆಗಬಹುದಾದ ಔಷಧಗಳು ಹೆಚ್ಚಾಗಿ ಇರುವುದೂ ಇದೇ ಗುಂಪಿನಲ್ಲಿ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟರೆ ಯಾವ ಹರಳು ಎಂಬುದು ಬೆರಳಚ್ಚಿನಂತೆ ಗೊತ್ತಾಗುತ್ತದೆ. ಆದ್ದರಿಂದ ಇದು ಮುಚ್ಚಿಡಬಹುದಾದ ಗುಟ್ಟಲ್ಲ.

ಎಲ್ಲ ಮಾತ್ರೆಗಳೂ ಯಾವಾಗಲೂ ಸರಿ ಇರುತ್ತವೆ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಗುಣಮಟ್ಟದ ಪರೀಕ್ಷೆಯಲ್ಲಿ ಫೇಲಾಗುವ ಬ್ಯಾಚ್‌ಗಳ ಪಟ್ಟಿ ಆಗಾಗ ಬರುತ್ತಲೇ ಇರುತ್ತದೆ. ಆದರೆ "ಜನರಿಕ್ ಆದ್ದರಿಂದ ಹರಳು ಕೆಟ್ಟದ್ದು" ಎಂಬ ತೀರ್ಮಾನಕ್ಕೆ ಆಧಾರ ಇಲ್ಲ. ರಿಟೋನವಿರ್ ಕತೆ ಅದಕ್ಕೆ ನೇರ ಉತ್ತರ.

ಒಂದು ಎಚ್ಚರಿಕೆಯನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಫಿಟ್ಸ್‌ನಂಥ ಕಾಯಿಲೆಗೆ ಕೊಡುವ ಕೆಲವು ಔಷಧಗಳಲ್ಲಿ ರಕ್ತದ ಪ್ರಮಾಣ ಸ್ವಲ್ಪ ಹೆಚ್ಚು ಕಡಿಮೆಯಾದರೂ ತೊಂದರೆ. ಅಂಥ ಮಾತ್ರೆಯನ್ನು ವೈದ್ಯರಿಗೆ ತಿಳಿಸದೆ ತಿಂಗಳಿಗೊಂದು ಕಂಪನಿಯದ್ದು ಬದಲಿಸಬೇಡಿ. ಬ್ರಾಂಡಿನಿಂದ ಜನರಿಕ್‌ಗೆ ಮಾತ್ರವಲ್ಲ, ಒಂದು ಜನರಿಕ್‌ನಿಂದ ಇನ್ನೊಂದಕ್ಕೂ.

ಹರಳಿನ ಜಗಳ ಸುಪ್ರೀಂ ಕೋರ್ಟಿಗೂ ಹೋಗಿತ್ತು

"ಹರಳು ಬೇರೆ" ಎಂಬ ವಾದವನ್ನು ದುಬಾರಿ ಔಷಧದ ಪರವಾಗಿಯೂ ಬಳಸಬಹುದು ಎಂಬುದಕ್ಕೆ ಭಾರತದ್ದೇ ಉದಾಹರಣೆ ಇದೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಎಂಬ ಔಷಧದ ಬೀಟಾ ಹರಳಿಗೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಕಂಪನಿ ಕೇಳಿತ್ತು. ಆಗಿನ ವರದಿಗಳಂತೆ ಕಂಪನಿಯ ಗ್ಲಿವೆಕ್ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಭಾರತೀಯ ಜನರಿಕ್ ಸುಮಾರು 8ರಿಂದ 10 ಸಾವಿರ ರೂಪಾಯಿ.

ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ, ಗೊತ್ತಿರುವ ಔಷಧದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮ ಹೆಚ್ಚಿದೆ ಎಂದು ತೋರಿಸಬೇಕು. ಹರಳಿನ ಬೇರೆ ರೂಪಗಳ ಹೆಸರು ಆ ಕಲಮಿನ ವಿವರಣೆಯಲ್ಲೇ ಇದೆ. ಬೀಟಾ ಹರಳು ಚೆನ್ನಾಗಿ ಹರಿಯುತ್ತದೆ, ಸ್ಥಿರವಾಗಿದೆ, ತೇವ ಕಡಿಮೆ ಹೀರುತ್ತದೆ ಎಂಬುದು ಕಾಯಿಲೆ ಗುಣಪಡಿಸುವ ಶಕ್ತಿಯನ್ನು ಹೆಚ್ಚಿಸಿದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪು ಕೊಟ್ಟು, ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಅಗ್ಗದ ಮಾತ್ರೆ ಸಿಗುವುದು ಮುಂದುವರಿಯಿತು. ಹರಳಿನ ವಿಜ್ಞಾನ ಒಂದೇ, ಅದನ್ನು ಯಾರು ಯಾತಕ್ಕೆ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕು.

ಇನ್ನು ಎರಡು ಪ್ರಶ್ನೆಗಳು

ಮಾತ್ರೆ ನುಂಗಿ ಸ್ಕ್ಯಾನ್ ಮಾಡಿಸಿದರೆ ಔಷಧ ಕೆಡುತ್ತದೆಯೇ? ಇಲ್ಲ. ಆಸ್ಪತ್ರೆಯ ಸ್ಕ್ಯಾನ್ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ, ಕಡಿಮೆ ಶಕ್ತಿಯ, ತುಣುಕು ತುಣುಕಾಗಿ ಬಿಡುವ ಶಬ್ದ. ಹರಳು ಮಾಡುವ ಯಂತ್ರದ್ದು ಸೆಕೆಂಡಿಗೆ ಹತ್ತಾರು ಸಾವಿರ ಕಂಪನಗಳ, ಬಲವಾದ ಶಬ್ದ. ಎರಡಕ್ಕೂ ಹೆಸರು ಒಂದೇ, ಕೆಲಸ ಬೇರೆ.

528 ಹರ್ಟ್ಸ್ ಸಂಗೀತ ಹಾಕಿದರೆ ನೀರಿನ ಅಥವಾ ಔಷಧದ ಹರಳು ಒಳ್ಳೆಯದಾಗುತ್ತದೆಯೇ? ಅಂಥ ಸಂದೇಶಗಳೂ ಓಡಾಡುತ್ತವೆ. 528 ಹರ್ಟ್ಸ್ ಎಂದರೆ ಸೆಕೆಂಡಿಗೆ 528 ಕಂಪನ, ಹಾರ್ಮೋನಿಯಂನಲ್ಲೂ ಬರುವಂಥ ಸ್ವರ. ಸ್ಪೀಕರಿನ ಶಬ್ದಕ್ಕೆ ದ್ರವದಲ್ಲಿ ಗುಳ್ಳೆ ಎಬ್ಬಿಸಿ ಒಡೆಯುವ ಬಲ ಇಲ್ಲ. ಹಾಡು ಮನಸ್ಸಿಗೆ ಹಿತ, ಕೇಳಿ. ಮಾತ್ರೆಗೆ ಅದರಿಂದ ಏನೂ ಆಗುವುದಿಲ್ಲ.

ನಿಜವಾಗಿ ಹರಳು ಬದಲಾಗಬಹುದಾದ ಜಾಗ: ನಿಮ್ಮ ಮನೆ

ಕಾರ್ಖಾನೆಯ ಶಬ್ದದ ಬಗ್ಗೆ ಹೆದರಿಸುವ ಸಂದೇಶ ಹೇಳದೆ ಬಿಟ್ಟ ಮಾತು ಇದು. ದೊಡ್ಡಮ್ಮ ತೆಗೆದುಕೊಳ್ಳುವ ಕಾರ್ಬಮಜೆಪೈನ್ ತೇವ ಹೀರಿದರೆ, ಅದರ ಹರಳಿನೊಳಗೆ ನೀರಿನ ಅಣುಗಳು ಸೇರಿಕೊಂಡು ಬೇರೆ ರೂಪ ತಾಳುತ್ತದೆ. ಮಾತ್ರೆ ಗಟ್ಟಿಯಾಗುತ್ತದೆ, ಸರಿಯಾಗಿ ಕರಗುವುದಿಲ್ಲ. ತೇವ ಇರುವ ಜಾಗದಲ್ಲಿ ಇಟ್ಟರೆ ಈ ಮಾತ್ರೆಯ ಪರಿಣಾಮದಲ್ಲಿ ಮೂರನೇ ಒಂದು ಪಾಲು ನಷ್ಟವಾಗಬಹುದು ಎಂದು ಅಮೆರಿಕದ ಎಫ್‌ಡಿಎ 1990ರಲ್ಲೇ ಎಚ್ಚರಿಸಿತ್ತು. ಸ್ನಾನದ ಮನೆಯಲ್ಲಿ ಇಡಬೇಡಿ ಎಂದು ಹೇಳುವುದು ಇದಕ್ಕೇ.

ಇದನ್ನು ಓದಿದವನೇ ದೊಡ್ಡಮ್ಮನಿಗೆ ಫೋನ್ ಮಾಡಿ, "ಮಾತ್ರೆ ಎಲ್ಲಿ ಇಡ್ತೀರಿ?" ಎಂದು ಕೇಳಿದೆ. ಮಳೆಗಾಲದ ಥಂಡಿಗೆ ಮಾತ್ರೆ ಹಾಳಾಗದಿರಲಿ ಎಂದು, ತಿಂಗಳ ಮಾತ್ರೆಯನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಬಚ್ಚಲಿನ ಹಂಡೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದರು. "ಅಲ್ಲಿ ಒಲೆಯ ಕಾವು ಇರ್ತದಲ್ಲ, ಬೆಚ್ಚಗಿರ್ತದೆ" ಅಂದರು. ಬೆಚ್ಚಗಿತ್ತು, ನಿಜ. ಆದರೆ ದಿನಾ ಹಂಡೆಯ ಹಬೆ ಆ ಡಬ್ಬಿಗೆ ಬಡಿಯುತ್ತಿತ್ತು.

ಅವರ ಫಿಟ್ಸ್‌ಗೆ ಇದೇ ಕಾರಣ ಎಂದು ನಾನು ಹೇಳಲಾರೆ. ಆ ಮಾತ್ರೆಗಳನ್ನು ಯಾರೂ ಲ್ಯಾಬಿಗೆ ಕಳಿಸಲಿಲ್ಲ. ನಿದ್ದೆ ಕೆಟ್ಟದ್ದು, ಜ್ವರ, ಒಂದು ಹೊತ್ತಿನ ಮಾತ್ರೆ ಮರೆತದ್ದು, ಇವೂ ಕಾರಣ ಆಗಬಹುದು ಎಂದು ಅವರ ವೈದ್ಯರು ಹೇಳಿದರು. ರಕ್ತ ಪರೀಕ್ಷೆ ಮಾಡಿಸಿ, ಹೊಸ ಸ್ಟ್ರಿಪ್ ಕೊಟ್ಟು, ಅದೇ ಜನರಿಕ್ ಮಾತ್ರೆಯನ್ನು ಮುಂದುವರಿಸಲು ತಿಳಿಸಿದರು. ಈಗ ಮಾತ್ರೆ ಮಲಗುವ ಕೋಣೆಯ ಕಪಾಟಿನಲ್ಲಿದೆ, ಸ್ಟ್ರಿಪ್ಪಿನಲ್ಲೇ.

ನೀವು ಮಾಡಬಹುದಾದ್ದು

ಮಾತ್ರೆಯನ್ನು ನುಂಗುವ ಹೊತ್ತಿಗೆ ಮಾತ್ರ ಸ್ಟ್ರಿಪ್ಪಿನಿಂದ ತೆಗೆಯಿರಿ. ಬಾಟಲಿಯಲ್ಲಿ ಬಂದಿದ್ದರೆ ಒಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನು ಎಸೆಯಬೇಡಿ, ಮುಚ್ಚಳ ಬಿಗಿಯಾಗಿ ಹಾಕಿ.

ಬಚ್ಚಲು, ಒಲೆಯ ಪಕ್ಕ, ಕಿಟಕಿಯ ಬಿಸಿಲು, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಲೇಬಲ್ ಹೇಳದಿದ್ದರೆ ಫ್ರಿಜ್ಜೂ ಬೇಡ.

ಮಾತ್ರೆಯ ಬಣ್ಣ ಬದಲಾಗಿದ್ದರೆ, ಅಂಟಂಟಾಗಿದ್ದರೆ, ಕಲ್ಲಿನಂತಾಗಿದ್ದರೆ ಅಂಗಡಿಯವರಿಗೆ ತೋರಿಸಿ.

ಔಷಧ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರ ಬಳಿ ಹೋಗುವಾಗ ಸ್ಟ್ರಿಪ್ ಜೊತೆಯಲ್ಲಿರಲಿ, ಬ್ಯಾಚ್ ಸಂಖ್ಯೆ ಅದರ ಮೇಲಿರುತ್ತದೆ. ಔಷಧದಿಂದ ತೊಂದರೆಯಾದರೆ ಸರ್ಕಾರದ ಔಷಧ ಸುರಕ್ಷತಾ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಬೈಯಬೇಡಿ. ಅವರೂ ಯಾರದೋ ಆರೋಗ್ಯದ ಕಾಳಜಿಯಿಂದಲೇ ಕಳಿಸಿರುತ್ತಾರೆ. "ಹರಳು ಬದಲಾಗುವುದು ನಿಜ, ಆದರೆ ಮಾತ್ರೆ ನಿಲ್ಲಿಸಬೇಡಿ. ಮೊದಲು ಅದನ್ನು ಎಲ್ಲಿ ಇಟ್ಟಿದ್ದೀರಿ ನೋಡಿ" ಎಂದು ಒಂದು ಸಾಲು ಬರೆದು ಕಳಿಸಿ. ಇದನ್ನು ಬೇಕಾದರೆ ಫಾರ್ವರ್ಡ್ ಮಾಡಿ.